ಇಶ್ಯೂ ಎಂಬ ಒಂದೇ ಪದ

ಪೀಣ್ಯದ ಎರಡನೇ ಹಂತದಲ್ಲಿ, ಗಿಯರ್‌ಗಳನ್ನು ತಯಾರಿಸುವ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನನಗೆ ಕೆಲಸ ಸಿಕ್ಕಿದ್ದು ಮದುವೆಯಾದ ವರ್ಷವೇ. ತೊಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ನಾನು ದಾವಣಗೆರೆಯವಳು, ಬಿ.ಕಾಂ. ಮಾಡಿದವಳು. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ವಿಷಯವೆಂದರೆ, ಕಾಲೇಜಿನ ಇಂಗ್ಲಿಷ್ ಭಾಷಣ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಪಡೆದವಳು. ಸ್ಪರ್ಧೆಗೆ ಬಂದಿದ್ದವರೇ ಮೂವರು ಎಂಬುದನ್ನು ಬೆಂಗಳೂರಿನಲ್ಲಿ ಯಾರಿಗೂ ಹೇಳುವ ಅಗತ್ಯ ನನಗೆ ಕಂಡಿರಲಿಲ್ಲ. ಬಹುಮಾನವಾಗಿ ಕೊಟ್ಟಿದ್ದ ದಪ್ಪನೆಯ ಇಂಗ್ಲಿಷ್-ಕನ್ನಡ ನಿಘಂಟನ್ನು ಮದುವೆಯ ಪಾತ್ರೆಗಳ ಜೊತೆ ಕಟ್ಟಿಕೊಂಡು ಬಂದಿದ್ದೆ. ಬೇರೆ ಹೆಣ್ಣುಮಕ್ಕಳು ತವರಿನ ಬೆಳ್ಳಿ ತಟ್ಟೆಯನ್ನು ತೋರಿಸುವ ಹಾಗೆ ನಾನು ಅದನ್ನು ಮನೆಗೆ ಬಂದವರಿಗೆಲ್ಲ ಕಾಣುವಂತೆ ಟೀವಿಯ ಮೇಲೆ ಇಟ್ಟಿದ್ದೆ.

ಕೆಲಸಕ್ಕೆ ಸೇರಿದ ದಿನ ನಮ್ಮ ಮ್ಯಾನೇಜರ್ ನನ್ನನ್ನು ಒಂದು ಕಿಟಕಿಯ ಹಿಂದೆ ಕೂರಿಸಿದರು. ಐವತ್ತರ ಆಸುಪಾಸಿನ, ಯಾವಾಗಲೂ ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ ಮನುಷ್ಯ ಅವರು. ಬೆಳಿಗ್ಗೆ ಲಾರಿಯಲ್ಲಿ ಬಂದ ಸಾಮಾನನ್ನು ತೆಗೆದುಕೊಳ್ಳುವುದು ರಿಸೀಟ್, ಆಮೇಲೆ ಕಿಟಕಿಗೆ ಬಂದವರಿಗೆ ಕೊಡುವುದು ಇಶ್ಯೂ, ಇಷ್ಟೇ ಕೆಲಸ ಎಂದು ಹೇಳಿ ಹೋದರು. ಸ್ವಲ್ಪ ಹೊತ್ತಿಗೆ ಎಣ್ಣೆ ಮೆತ್ತಿದ ನೀಲಿ ಅಂಗಿಯ ಫಿಟ್ಟರ್ ಒಬ್ಬರು ಬಂದು, ಬೇಗ ಇಶ್ಯೂ ಮಾಡಿ ಮೇಡಂ ಎಂದರು. ನನಗೆ ಗೊತ್ತಿದ್ದ ಇಶ್ಯೂ ಎಂದರೆ ಅಪ್ಪಾಜಿ ತರಿಸುತ್ತಿದ್ದ ವಾರಪತ್ರಿಕೆಯ ಸಂಚಿಕೆ. ಯಾವ ಇಶ್ಯೂ ಎಂದು ಕೇಳಿದೆ. ಆತ ನನ್ನನ್ನೇ ಸ್ವಲ್ಪ ನೋಡಿ, ಹೊಸಬರಾ ಎಂದು ಕೇಳಿ, ಎರಡು ಜೊತೆ ಕೈಗವಸು ಬೇಕು ಎಂದು ಬಿಡಿಸಿ ಹೇಳಿದರು.

ಅಂದು ಸಂಜೆ ಮನೆಗೆ ಬಂದವಳೇ ನಿಘಂಟು ತೆರೆದೆ. ಹೊರಬರುವುದು, ಹೊರಡಿಸುವುದು, ಹಂಚುವುದು, ಸಂಚಿಕೆ, ಚರ್ಚೆಯ ವಿಷಯ, ವಿವಾದ, ಫಲಿತಾಂಶ, ಸಂತಾನ. ಅರ್ಧ ಪುಟ ತುಂಬಿತ್ತು. ನನ್ನ ಗಂಡ ನಮ್ಮ ಕಾರ್ಖಾನೆಯಿಂದ ನಾಲ್ಕು ಬೀದಿ ಆಚೆಯ ಇನ್ನೊಂದು ಕಾರ್ಖಾನೆಯಲ್ಲಿ ಡ್ರಾಯಿಂಗ್ ವಿಭಾಗದಲ್ಲಿದ್ದರು. ಅವರು ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದರು. ನಾನು ಎದುರಿಗೆ ನಿಂತು ಎಲ್ಲ ಅರ್ಥಗಳನ್ನೂ ಗಟ್ಟಿಯಾಗಿ ಓದಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಇಷ್ಟೊಂದು ಅರ್ಥ ಇಟ್ಕೊಂಡು ಆ ಪದ ಹೆಂಗೆ ಸಂಸಾರ ಮಾಡುತ್ತೆ?" ಎಂದರು.

ಮರುದಿನ ಮ್ಯಾನೇಜರ್‌ಗೂ ಪಾಠ ಮಾಡಲು ಹೋದೆ. ಕೋರ್ಟಿನಲ್ಲಿ ಇದಕ್ಕೆ ಬೇರೆ ಅರ್ಥವಿದೆ, ಪತ್ರಿಕೆಯವರಿಗೆ ಬೇರೆ ಎಂದೆಲ್ಲ ವಿವರಿಸಿದೆ. ಅವರು ಸಮಾಧಾನದಿಂದ ಕೇಳಿ, ಅವೆಲ್ಲ ಇರಲಿ, ಇಲ್ಲಿ ಮಾತ್ರ ಸಾಮಾನು ಕಿಟಕಿಯಿಂದ ಆಚೆ ಹೋದರೆ ಇಶ್ಯೂ, ಹೋಗದಿದ್ದರೆ ಅದು ಸ್ಟಾಕ್ ಎಂದರು. ಅಲ್ಲಿಗೆ ನನ್ನ ಪಾಂಡಿತ್ಯ ಮುಗಿಯಿತು. ಕೆಲವೇ ತಿಂಗಳಲ್ಲಿ ನನ್ನ ಕಿವಿ ಕೂಡ ಅದೇ ಅರ್ಥಕ್ಕೆ ಒಗ್ಗಿಹೋಯಿತು. ಬೆಳಗಿನಿಂದ ಸಂಜೆಯವರೆಗೆ ಡ್ರಿಲ್ ಬಿಟ್ ಇಶ್ಯೂ, ಹತ್ತಿಬಟ್ಟೆ ಇಶ್ಯೂ, ಗ್ರೀಸ್ ಇಶ್ಯೂ.

ಅಂಥ ಒಂದು ಶನಿವಾರ, ಗಂಡನ ದೊಡ್ಡಪ್ಪ ಚಿತ್ರದುರ್ಗದಿಂದ ನಮ್ಮ ಮನೆ ನೋಡಲು ಬಂದರು. ನಿವೃತ್ತ ಹೆಡ್‌ಮಾಸ್ಟರು. ನಾವು ಆಗ ದಾಸರಹಳ್ಳಿಯಲ್ಲಿ ಒಂದು ಸಣ್ಣ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದ್ದೆವು. ನಾನು ಕೆಲಸದಿಂದ ಬಂದು ಇನ್ನೂ ಚೀಲವನ್ನೂ ಇಳಿಸಿರಲಿಲ್ಲ. ಅವರಿಗೆ ಕಾಫಿ ಕೊಟ್ಟೆ. ಊರಿನ ಸುದ್ದಿ, ಮಳೆಯ ಸುದ್ದಿ ಎಲ್ಲ ಮುಗಿದ ಮೇಲೆ ಅವರು ದನಿ ತಗ್ಗಿಸಿ, ತಲೆ ಸ್ವಲ್ಪ ವಾಲಿಸಿ, "ಮತ್ತೇನಮ್ಮ, ಎನಿ ಇಶ್ಯೂ?" ಎಂದರು.

ಕಾರ್ಖಾನೆಯ ಕೆಲಸದ ಬಗ್ಗೆ ಇಷ್ಟು ಸೂಕ್ಷ್ಮವಾಗಿ ವಿಚಾರಿಸಿದ ಮೊದಲ ನೆಂಟರು ಅವರು. ನನಗೆ ಖುಷಿಯಾಯಿತು.

"ಅಯ್ಯೋ, ಬೇಕಾದಷ್ಟು ದೊಡ್ಡಪ್ಪ. ದಿನಕ್ಕೆ ನೂರಕ್ಕೆ ಕಮ್ಮಿ ಇಲ್ಲ. ಕಿಟಕಿ ಮುಂದೆ ಗಂಡಸರು ಕ್ಯೂ ನಿಂತಿರ್ತಾರೆ. ಒಂದೊಂದ್ಸಲ ಮ್ಯಾನೇಜರೂ ಬಂದು ಕೈ ಜೋಡಿಸ್ತಾರೆ."

ಹೆಡ್‌ಮಾಸ್ಟರು ಲೋಟವನ್ನು ಕೆಳಗಿಟ್ಟರು. ನನ್ನ ಗಂಡ ಎದ್ದು ಅಡುಗೆಮನೆಗೆ ಹೋದರು. ಒಳಗಿನಿಂದ ಕೆಮ್ಮಿನಂಥ ಒಂದು ಶಬ್ದ ಬಂತು. ಆಮೇಲೆ ನಲ್ಲಿ ಬಿಟ್ಟುಕೊಂಡ ಶಬ್ದ. ನಾನೇನು ಹೇಳಿದೆ ಎಂದು ನನಗೆ ಹೊಳೆಯುವ ಹೊತ್ತಿಗೆ ದೊಡ್ಡಪ್ಪ ಗೋಡೆಯ ಮೇಲಿದ್ದ ಬಸವಣ್ಣನ ಪಟವನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು. ರಾತ್ರಿ ಉಳಿಯುತ್ತೇನೆಂದು ಬಂದಿದ್ದವರು ಸಂಜೆಯ ಬಸ್ಸಿಗೇ ಹೊರಟರು.

ಆಗ ಅದು ನಮಗೆ ತಮಾಷೆಯಾಗಿತ್ತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಆ ಪ್ರಶ್ನೆಗೆ ನಿಜವಾದ ಉತ್ತರ ಕೊಡುವ ಕಾಲ ಬರಲಿ ಬಿಡು ಎಂದುಕೊಂಡಿದ್ದೆವು. ಆ ಕಾಲ ಬರಲಿಲ್ಲ, ಪ್ರಶ್ನೆ ಮಾತ್ರ ಬರುತ್ತಲೇ ಇತ್ತು. ಎರಡನೇ ವರ್ಷ, ಮೂರನೇ ವರ್ಷ. ಮದುವೆಮನೆಗಳಲ್ಲಿ, ಗೃಹಪ್ರವೇಶಗಳಲ್ಲಿ, ಒಮ್ಮೆ ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಮೆಟ್ಟಿಲು ಹತ್ತುವಾಗಲೂ. ನಮ್ಮ ಕಡೆಯ ಓದಿದ ಜನ ಮಕ್ಕಳೆಷ್ಟು ಎಂದು ನೇರವಾಗಿ ಕೇಳುತ್ತಿರಲಿಲ್ಲ. ಕನ್ನಡದಲ್ಲಿ ಕೇಳಿದರೆ ಎದುರಿನವರ ಮನಸ್ಸಿಗೆ ನೋವಾದೀತೆಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಎಲ್ಲರ ತಲೆಯೂ ಒಂದೇ ಕಡೆಗೆ ವಾಲುತ್ತಿತ್ತು, ಎಲ್ಲರ ದನಿಯೂ ಒಂದೇ ಮಟ್ಟಕ್ಕೆ ತಗ್ಗುತ್ತಿತ್ತು.

ಮಲ್ಲೇಶ್ವರದ ಒಬ್ಬ ಡಾಕ್ಟರ ಹತ್ತಿರ ಹೋಗತೊಡಗಿದೆವು. ಶನಿವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ, ಸ್ಕೂಟರಿನಲ್ಲಿ ಯಶವಂತಪುರ ದಾಟಿ ಹೋಗಿ ಕಾಯುವುದು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಇಬ್ಬರೂ ನಾರ್ಮಲ್ ಎಂದರು. ಆ ಮಾತು ಕೇಳಿ ಸಮಾಧಾನಪಡಬೇಕೋ ಬೇಸರಪಡಬೇಕೋ ತಿಳಿಯಲಿಲ್ಲ. ಏನಾದರೂ ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದಿತ್ತು. ಇಷ್ಟರಲ್ಲಿ ಅತ್ತೆ ದಾವಣಗೆರೆಯಿಂದ ಬಂದು ನಮ್ಮ ಜೊತೆಯೇ ಉಳಿದರು. ಮಾವ ತೀರಿಕೊಂಡಿದ್ದರು. ಅತ್ತೆ ಹೆಚ್ಚು ಮಾತಾಡುವವರಲ್ಲ. ನಾನು ಮಾತ್ರ ಅವರ ಒಂದೊಂದು ಮೌನಕ್ಕೂ ಅರ್ಥ ಬರೆದುಕೊಳ್ಳುತ್ತಿದ್ದೆ. ಪಕ್ಕದ ಮನೆಯ ಮಗುವನ್ನು ಅವರು ಎತ್ತಿಕೊಂಡರೆ ನನಗೆ ಹೇಳಿದ ಹಾಗೆ, ಎತ್ತಿಕೊಳ್ಳದಿದ್ದರೆ ಇನ್ನೂ ಜೋರಾಗಿ ಹೇಳಿದ ಹಾಗೆ.

ಹೀಗೆ ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ನನ್ನ ಕಿವಿ ಪೂರ್ತಿ ತಿರುಗಿಬಿಟ್ಟಿತ್ತು. ಮೊದಲು ಯಾರು ಇಶ್ಯೂ ಎಂದರೂ ಸ್ಟೋರ್ಸ್ ನೆನಪಾಗುತ್ತಿತ್ತು. ಈಗ ಸ್ಟೋರ್ಸ್‌ನ ಕಿಟಕಿಯಲ್ಲೇ ಆ ಪದ ಕೇಳಿದರೂ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಅದೇ ಕಾಲಕ್ಕೆ ಎಲ್ಲರಿಗೂ ಷೇರಿನ ಹುಚ್ಚು ಹಿಡಿದಿತ್ತು. ಒಂದು ಮಧ್ಯಾಹ್ನ ನಮ್ಮ ಮ್ಯಾನೇಜರ್ ಬಹಳ ಉಲ್ಲಾಸದಲ್ಲಿ ಬಂದು, ಮುಂದಿನ ತಿಂಗಳು ಇನ್ನೊಂದು ಹೊಸ ಇಶ್ಯೂ ಬರುತ್ತಿದೆ, ಈ ಸಲ ಬಿಡುವುದಿಲ್ಲ ಎಂದರು. ಅವರ ಮಗಳಿಗೇ ಮದುವೆಯ ವಯಸ್ಸಾಗಿತ್ತು. ನಾನು ಆಶ್ಚರ್ಯವನ್ನು ನುಂಗಿಕೊಂಡು, ಕಂಗ್ರಾಜುಲೇಷನ್ಸ್ ಸಾರ್, ಮನೆಯವರು ಆರೋಗ್ಯವಾಗಿದ್ದಾರಾ ಎಂದು ಕೇಳಿದೆ. ಅವರು ಆರೋಗ್ಯವಾಗಿದ್ದಾರೆ, ಅವರ ಹೆಸರಿನಲ್ಲೂ ಒಂದು ಅರ್ಜಿ ಹಾಕುತ್ತಿದ್ದೇನೆ ಎಂದರು ಮ್ಯಾನೇಜರ್. ಅದು ಷೇರಿನ ಮಾತೆಂದು ನನಗೆ ತಿಳಿದದ್ದು ಆಗ. ಪುಣ್ಯಕ್ಕೆ ನನ್ನ ಶುಭಾಶಯದ ಹಿಂದಿನ ಅರ್ಥ ಅವರಿಗೆ ತಿಳಿಯಲೇ ಇಲ್ಲ.

ದಶಕ ಮುಗಿಯುತ್ತ ಬಂದಾಗ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಸಾಮಾನಿನ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕು, ಅದಕ್ಕೆ ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿ ಪ್ಯಾಕೇಜ್ ಬರೆದುಕೊಡುತ್ತದೆ ಎಂದು ತೀರ್ಮಾನವಾಯಿತು. ಒಂದೊಂದು ವಿಭಾಗದಿಂದ ಒಬ್ಬೊಬ್ಬರು ಅಲ್ಲಿಗೆ ಹೋಗಿ ಒಂದು ದಿನ ಕೂತು ಬರಬೇಕಿತ್ತು. ಸ್ಟೋರ್ಸ್‌ನಿಂದ ಯಾರು ಎಂಬ ಪ್ರಶ್ನೆ ಬಂದಾಗ ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂದು ಮ್ಯಾನೇಜರ್ ನನ್ನ ಹೆಸರು ಸೂಚಿಸಿದರು. ಆ ಸುದ್ದಿಯನ್ನು ಹರಡಿದ್ದು ನಾನೇ ಆದ್ದರಿಂದ ಬೇಡ ಎನ್ನುವಂತಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ಉಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಒಂದು ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರಿಗೆ ಅರ್ಥ ಹುಡುಕುತ್ತ ಹೆಬ್ಬಾಳದವರೆಗೆ ಹೋದೆ. ಕಾರ್ಖಾನೆಯ ವ್ಯಾನಿನಲ್ಲಿ ನಾವು ಮೂವರು. ನಾನು, ಪರ್ಚೇಸ್ ವಿಭಾಗದ ಒಬ್ಬ ಹಿರಿಯರು, ಅಕೌಂಟ್ಸ್‌ನ ಒಬ್ಬ ತರುಣ. ಹೆಬ್ಬಾಳದಿಂದ ಹೊಸ ವರ್ತುಲ ರಸ್ತೆ ಹಿಡಿದೆವು. ದೊಡ್ಡನೆಕ್ಕುಂದಿಯ ಹತ್ತಿರ ಎಮ್ಮೆಗಳು ಅಡ್ಡ ಬಂದು ಸ್ವಲ್ಪ ಹೊತ್ತು ನಿಂತೆವು. ಮಾರತ್ತಹಳ್ಳಿಯಲ್ಲಿ ಚಹಾ ಕುಡಿದೆವು. ಅಲ್ಲಿಂದ ಮುಂದೆ ಒಂದು ಕಡೆ ರಾಗಿ ಹೊಲ, ಇನ್ನೊಂದು ಕಡೆ ಗಾಜಿನ ಕಟ್ಟಡ.

ಆ ಕಟ್ಟಡದೊಳಗೆ ಕೋಲ್ಡ್ ಸ್ಟೋರೇಜಿನಷ್ಟು ಚಳಿ. ನಮಗೆ ಪ್ಯಾಕೇಜ್ ವಿವರಿಸಿದವಳು ಇಪ್ಪತ್ತೈದು ದಾಟಿರದ, ಕತ್ತಿನವರೆಗೆ ಕೂದಲು ಕತ್ತರಿಸಿಕೊಂಡಿದ್ದ ಒಬ್ಬ ಹುಡುಗಿ. ಉತ್ತರದ ಕಡೆಯವಳು. ಬಹಳ ಮೃದುವಾಗಿ, ಬಹಳ ವೇಗವಾಗಿ ಇಂಗ್ಲಿಷ್ ಮಾತಾಡುತ್ತಿದ್ದಳು. ಮೊದಲ ಒಂದು ಗಂಟೆ ನನಗೆ ಎಲ್ಲವೂ ಅರ್ಥವಾಯಿತು. ಎರಡನೆಯ ಗಂಟೆ ಅರ್ಥವಾದಂತೆ ತಲೆಯಾಡಿಸಿದೆ. ಆಮೇಲೆ ಊಟ. ಪಲಾವು, ಮೊಸರನ್ನ, ಜಾಮೂನು. ಚಳಿಗೆ ಹಸಿವು ಜಾಸ್ತಿಯಾಗಿ ಎರಡು ಜಾಮೂನು ತಿಂದೆ, ಯಾರೂ ನೋಡದಿದ್ದಾಗ ಇನ್ನೊಂದು ತಿಂದೆ. ಊಟದ ನಂತರ ದೀಪ ಆರಿಸಿ ಪರದೆಯ ಮೇಲೆ ಏನೇನೋ ತೋರಿಸಿದರು. ನಾನು ಸೆರಗನ್ನು ಭುಜದ ತುಂಬ ಹೊದ್ದುಕೊಂಡು ಕಣ್ಣು ತೆರೆದಿಟ್ಟುಕೊಂಡೇ ನಿದ್ದೆ ಮಾಡುವ ಸ್ಥಿತಿಗೆ ತಲುಪಿದ್ದೆ.

ದೀಪ ಹತ್ತಿತು. ಆ ಹುಡುಗಿ ಒಬ್ಬೊಬ್ಬರನ್ನೇ ವಿಚಾರಿಸತೊಡಗಿದಳು. ಪರ್ಚೇಸ್‌ನ ಹಿರಿಯರನ್ನು ಕೇಳಿದಾಗ ಅವರು, "ನೋ ಇಶ್ಯೂಸ್" ಎಂದರು. ಆ ಪದ ಕಿವಿಗೆ ಬಿದ್ದು ನನಗೆ ಅರ್ಧ ಎಚ್ಚರವಾಯಿತು. ಈ ಮನುಷ್ಯರಿಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರ ನಾಮಕರಣಕ್ಕೂ ಹೋಗಿ ಊಟ ಮಾಡಿ ಬಂದಿದ್ದೇನೆ. ಯಾಕೆ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ಹುಡುಗಿ ಅಕೌಂಟ್ಸ್‌ನ ತರುಣನ ಕಡೆ ತಿರುಗಿದಳು. ಅವನು ಗಂಭೀರವಾಗಿ, ಎರಡು ಮೇಜರ್ ಇಶ್ಯೂ, ಮೂರು ಮೈನರ್ ಎಂದ. ಅಂದರೆ ಹದಿನೆಂಟು ದಾಟಿದ ಮಕ್ಕಳು ಇಬ್ಬರು, ದಾಟದವರು ಮೂವರು. ಅವನಿಗೆ ಮದುವೆಯಾಗಿ ನಾಲ್ಕು ವರ್ಷವೂ ಆಗಿರಲಿಲ್ಲ.

ಈ ಲೆಕ್ಕ ಹೇಗೆ ಕೂಡುತ್ತದೆ ಎಂದು ನಾನು ಯೋಚಿಸುತ್ತಿರುವಾಗಲೇ ಹುಡುಗಿ ನನ್ನ ಹತ್ತಿರ ಬಂದಳು. ತಲೆಯನ್ನು ಸ್ವಲ್ಪ ವಾಲಿಸಿ, ದನಿ ತಗ್ಗಿಸಿ, ಅದೇ ವಾಲಿಕೆ, ಅದೇ ದನಿ, "ಎನಿ ಇಶ್ಯೂಸ್, ಮ್ಯಾಮ್?" ಎಂದಳು.

ಎಷ್ಟೋ ವರ್ಷದಿಂದ ಬಾಯಿಪಾಠವಾಗಿದ್ದ ಉತ್ತರ ತಾನಾಗಿ ಹೊರಬಂತು. ಭಾಷಣ ಸ್ಪರ್ಧೆಯ ಅಭ್ಯಾಸದಿಂದ ನಾನು ಎದ್ದು ನಿಂತೂ ಇದ್ದೆ.

"ನೋ ಇಶ್ಯೂ, ಮೇಡಂ. ಮ್ಯಾರೀಡ್ ಸೆವೆನ್ ಇಯರ್ಸ್. ಡಾಕ್ಟರ್ ಸೇಸ್ ಬೋತ್ ಆರ್ ನಾರ್ಮಲ್."

ಏಸಿಯ ಸದ್ದು ಅಷ್ಟು ಜೋರಾಗಿತ್ತು ಎಂದು ನನಗೆ ಗೊತ್ತಾದದ್ದು ಆಗಲೇ. ಯಾರೂ ನಗಲಿಲ್ಲ. ನಕ್ಕಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತು. ಆ ಹುಡುಗಿಯ ಮುಖ ಕೆಂಪಾಯಿತು. ಸಾರಿ ಮ್ಯಾಮ್, ನಾನು ಪ್ಯಾಕೇಜಿನ ಬಗ್ಗೆ ಕೇಳಿದೆ, ಅದರಲ್ಲಿ ಏನಾದರೂ ತೊಡಕು ಕಾಣುತ್ತಿದೆಯೇ ಎಂದು ಕೇಳಿದೆ ಎಂದು ಇಂಗ್ಲಿಷಿನಲ್ಲಿ ತಡವರಿಸಿದಳು. ನಿಘಂಟಿನ ಅರ್ಧ ಪುಟದಲ್ಲಿ ತೊಡಕು ಎಂಬ ಅರ್ಥ ಇರಲಿಲ್ಲ. ವೈಟ್‌ಫೀಲ್ಡಿನವರು ಅದನ್ನು ಹೊಸದಾಗಿ ಸೇರಿಸಿದ್ದರು, ನಮ್ಮ ದಾಸರಹಳ್ಳಿಗೆ ತಿಳಿಸಿರಲಿಲ್ಲ. ನಾನು ಕೂತುಕೊಂಡೆ. ಪ್ಯಾಕೇಜ್ ಚೆನ್ನಾಗಿದೆ ಎಂದೆ. ಆ ಮಾತು ಯಾರಿಗೂ ಕೇಳಿಸಿರಲಿಕ್ಕಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ತರುಣ ಕಿಟಕಿಯಾಚೆ ನೋಡುತ್ತಿದ್ದ. ನಾನು ಸೀರೆಯ ಅಂಚಿನ ದಾರ ಎಳೆಯುತ್ತಿದ್ದೆ. ಮಾರತ್ತಹಳ್ಳಿಯ ಸೇತುವೆ ದಾಟಿದ ಮೇಲೆ ಪರ್ಚೇಸ್‌ನ ಹಿರಿಯರು ಗಂಟಲು ಸರಿಮಾಡಿಕೊಂಡರು.

"ಮೇಡಂ, ನಾನು ನೋ ಇಶ್ಯೂಸ್ ಅಂದದ್ದು ನಮ್ಮ ಮನೆಯವಳಿಗೆ ಗೊತ್ತಾದ್ರೆ ಇವತ್ತು ಊಟ ಹಾಕಲ್ಲ."

ಮೊದಲು ಡ್ರೈವರ್ ನಕ್ಕ, ಅವನಿಗೆ ಏನಾಯಿತೆಂದು ಗೊತ್ತೇ ಇರಲಿಲ್ಲ. ಆಮೇಲೆ ಐದು ಮಕ್ಕಳ ತರುಣ ನಕ್ಕ. ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡರೂ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ನಗು ಮುಗಿದಿತ್ತು, ನೀರು ಮಾತ್ರ ಬರುತ್ತಿತ್ತು. ಹಿರಿಯರು ತಮ್ಮ ಕರವಸ್ತ್ರವನ್ನು ಸೀಟಿನ ಮೇಲಿಟ್ಟು ಮುಂದೆ ತಿರುಗಿ ಕೂತರು. ಹೆಬ್ಬಾಳದ ಹೊತ್ತಿಗೆ ನಾನು ಸರಿಹೋದೆ.

ಸುದ್ದಿಯನ್ನು ಯಾರು ಹೇಳಿದರೋ ತಿಳಿಯದು. ಸೋಮವಾರದೊಳಗೆ ಕಾರ್ಖಾನೆಗೆಲ್ಲ ಗೊತ್ತಾಗಿತ್ತು. ಗೇಲಿ ಮಾಡುತ್ತಾರೆ ಎಂದು ಹೆದರಿ ತಲೆ ತಗ್ಗಿಸಿಕೊಂಡು ಹೋದೆ. ಗೇಲಿ ಯಾರೂ ಮಾಡಲಿಲ್ಲ, ಎಲ್ಲರೂ ಸಲಹೆ ಕೊಟ್ಟರು. ಏಳು ವರ್ಷದಿಂದ ನನ್ನ ಮುಂದೆ ಆ ವಿಷಯ ಎತ್ತಲು ಸಂಕೋಚಪಡುತ್ತಿದ್ದವರಿಗೆ ನಾನೇ ಬಾಗಿಲು ತೆರೆದುಕೊಟ್ಟಂತಾಗಿತ್ತು. ಕಿಟಕಿಗೆ ಬಂದವರೆಲ್ಲ ಸಾಮಾನು ಪಡೆದು, ಬದಲಿಗೆ ಒಂದು ಉಪಾಯ ಕೊಟ್ಟು ಹೋಗುತ್ತಿದ್ದರು. ಫೋರ್ಜಿಂಗ್ ವಿಭಾಗದ ಮೇಸ್ತ್ರಿಗೆ ಆನೇಕಲ್ಲಿನ ಕಡೆಯ ಒಬ್ಬ ನಾಟಿ ವೈದ್ಯರು ಗೊತ್ತಿದ್ದರು, ಅವರ ಬೇರಿನ ಪುಡಿ ತಂದುಕೊಟ್ಟರು. ಇನ್‌ಸ್ಪೆಕ್ಷನ್‌ನವರು ಹೋಮಿಯೋಪತಿ ಎಂದರು. ಮ್ಯಾನೇಜರ್ ದಿನಕ್ಕೆ ಎರಡು ಸಲ ಬಂದು, ಟೆನ್ಷನ್ ಮಾಡಿಕೊಳ್ಳಬೇಡಿ ಎಂದು ಹೇಳಿ ಟೆನ್ಷನ್ ಕೊಡುತ್ತಿದ್ದರು. ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದ ಹೆಂಗಸು ಪೀಣ್ಯದ ಹಳ್ಳಿಯವರೇ. ಕಾರ್ಖಾನೆ ಬರುವ ಮೊದಲು ಅಲ್ಲಿ ಅವರ ಮನೆಯವರ ಹೊಲವಿತ್ತಂತೆ. ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, "ಅಕ್ಕ, ನಮ್ಮೂರ ಮುನೇಶ್ವರಂಗೆ ಒಂದು ಅರಕೆ ಒತ್ಕೊ. ಅಂಗೇ ಸುಮ್ಕೆ ಕುಂತ್ರೆ ಆಯ್ತದಾ?" ಎಂದರು.

ಯಾರಿಗೂ ಬೇಡ ಎನ್ನಲು ನನ್ನಿಂದ ಆಗಲಿಲ್ಲ. ಮುನೇಶ್ವರನ ದಾರ ಕಟ್ಟಿಕೊಂಡೆ. ಹೋಮಿಯೋಪತಿಯ ಸಕ್ಕರೆ ಗುಳಿಗೆ ನುಂಗಿದೆ, ಅದಕ್ಕಾಗಿ ಕಾಫಿ ಬಿಟ್ಟೆ. ಬೇರಿನ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಕುಡಿದೆ. ಅದನ್ನು ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕೋ ಊಟದ ಮೇಲೋ ಎಂದು ಕೇಳಲು ಮರೆತಿದ್ದರಿಂದ ಎರಡೂ ಹೊತ್ತು ಕುಡಿದೆ. ಮೂರನೇ ದಿನ ನನ್ನ ಹೊಟ್ಟೆ ಕೆಟ್ಟು, ಆ ವಾರ ಪೂರ್ತಿ ಮನೆಯಲ್ಲೇ ಬಿದ್ದುಕೊಂಡಿದ್ದೆ. ಅತ್ತೆ ಗಂಜಿ ಕಾಯಿಸಿ ಕೊಟ್ಟರು. ಏನು ತಿಂದೆ ಎಂದು ಕೇಳಲಿಲ್ಲ.

ಶನಿವಾರ ಮಲ್ಲೇಶ್ವರಕ್ಕೆ ಹೋಗುವ ದಿನವಾಗಿತ್ತು. ಸ್ಕೂಟರು ಎಡಕ್ಕೆ ಹೋಗಬೇಕಾದಲ್ಲಿ ಬಲಕ್ಕೆ ತಿರುಗಿತು. ಎಲ್ಲಿಗೆ ಎಂದು ಕೇಳಿದೆ. ಸ್ವಲ್ಪ ಗಾಳಿ ಕುಡಿದು ಬರೋಣ ಎಂದರು ನನ್ನ ಗಂಡ. ಹೆಸರಘಟ್ಟ ಕೆರೆಯ ಏರಿಯ ಮೇಲೆ ಸ್ಕೂಟರ್ ನಿಲ್ಲಿಸಿ, ಬೇಯಿಸಿದ ಕಡಲೆಕಾಯಿ ಕೊಂಡು ತಂದರು. ಕೆರೆಯಲ್ಲಿ ನೀರು ಅಷ್ಟೇನೂ ಇರಲಿಲ್ಲ. ದೂರದಲ್ಲಿ ದನ ಮೇಯುತ್ತಿದ್ದವು. ಒಂದಷ್ಟು ಕಾಯಿ ಬಿಡಿಸಿದ ಮೇಲೆ ನಾನೇ ಹೇಳಿದೆ.

"ರೀ, ನಂಗೆ ಸಾಕಾಗಿದೆ. ಇನ್ನು ಡಾಕ್ಟರ ಹತ್ರ ಬರಲ್ಲ."

ಅವರು ಸಿಪ್ಪೆಯನ್ನು ಕಾಗದದಲ್ಲಿ ಕಟ್ಟಿದರು.

"ಎರಡು ವರ್ಷದಿಂದ ನಾನು ಇದನ್ನೇ ಹೇಳ್ಬೇಕು ಅಂತಿದ್ದೆ ಕಣೇ. ನಿಂಗೆಲ್ಲಿ ಬೇಜಾರಾಗುತ್ತೋ ಅಂತ ಸುಮ್ನಿದ್ದೆ."

ನಾನು ಅವರಿಗಾಗಿ ಹೋಗುತ್ತಿದ್ದೆ, ಅವರು ನನಗಾಗಿ ಸ್ಕೂಟರ್ ಓಡಿಸುತ್ತಿದ್ದರು. ಒಂದು ಪದದ ಎಂಟು ಅರ್ಥಗಳನ್ನು ಗಟ್ಟಿಯಾಗಿ ಓದಿ ಹೇಳಿದ್ದ ನನಗೆ ಪಕ್ಕದಲ್ಲಿ ಕೂತವರ ಮನಸ್ಸಿನಲ್ಲಿದ್ದ ಒಂದು ಮಾತು ಓದಲು ಬಂದಿರಲಿಲ್ಲ. ಕತ್ತಲಾಗುವ ಮೊದಲೇ ಮನೆಗೆ ಹೊರಟೆವು. ದಾರಿಯುದ್ದಕ್ಕೂ ಇಬ್ಬರಿಗೂ ಒಂದೇ ಚಿಂತೆ, ಇದನ್ನು ಅತ್ತೆಗೆ ಹೇಳುವುದು ಹೇಗೆ? ನೀವು ಹೇಳಿ, ನೀನು ಹೇಳು ಎಂದು ಜಗಳವಾಡಿಕೊಂಡೇ ಮೆಟ್ಟಿಲು ಹತ್ತಿದೆವು. ಬಾಗಿಲು ತೆರೆದ ತಕ್ಷಣ ಗಂಡ ಕೈಕಾಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ನುಗ್ಗಿಬಿಟ್ಟರು.

ಅತ್ತೆ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಎದುರಿಗೆ ಕೂತು ಸುಲಿಯತೊಡಗಿದೆ. ವೈಟ್‌ಫೀಲ್ಡಿನಲ್ಲಿ ನಡೆದದ್ದರಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಇಶ್ಯೂ ಎಂದರೇನು ಎಂದು ಕೇಳಿದರು, ಅದನ್ನೂ ವಿವರಿಸಿದೆ. ಡಾಕ್ಟರ ವಿಷಯಕ್ಕೆ ಬಂದಾಗ ನಾನು ಮುಖ ಮೇಲೆತ್ತಲಿಲ್ಲ. ನಾನು ಮುಗಿಸಿದ ಮೇಲೂ ಅವರ ಬೆರಳುಗಳು ಸುಲಿಯುತ್ತಲೇ ಇದ್ದವು.

"ನಿನ್ನ ಗಂಡ ಹುಟ್ಟೋಕೆ ಮುಂಚೆ ನನ್ನೂ ಹಿಂಗೇ ಕೇಳ್ತಿದ್ರವ್ವ, ಬಾಳ ವರ್ಷ. ನಮಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಕನ್ನಡದಾಗೇ ಕೇಳ್ತಿದ್ರು, ಮಂದಿ ಮುಂದೆ. ಅದಕ್ಕೇ ನಾನು ನಿನ್ನ ಒಂದು ದಿನಾನೂ ಕೇಳಲಿಲ್ಲ."

ಯೋಚಿಸಿ ನೋಡಿದೆ. ನಿಜ, ಅವರು ಒಂದು ದಿನವೂ ಕೇಳಿರಲಿಲ್ಲ. ಅಷ್ಟು ವರ್ಷ ಅವರ ಮೌನಕ್ಕೆ ನಾನು ಕೊಟ್ಟುಕೊಂಡ ಅರ್ಥಗಳೆಲ್ಲ ನನ್ನವೇ. ಧೈರ್ಯ ಮಾಡಿ, ಹಾಗಾದರೆ ವೈಟ್‌ಫೀಲ್ಡಿಗೆ ಹೊರಟ ದಿನ ನನ್ನನ್ನು ನೋಡಿ ಯಾಕೆ ನಿಟ್ಟುಸಿರು ಬಿಟ್ಟಿರಿ ಎಂದು ಕೇಳಿದೆ. ಅವರಿಗೆ ಮೊದಲು ನೆನಪಾಗಲಿಲ್ಲ. ಆಮೇಲೆ, ಆ ಸೀರೆಗೆ ಆ ರವಿಕೆ ಸ್ವಲ್ಪವೂ ಹೊಂದುತ್ತಿರಲಿಲ್ಲ, ಹೊರಡುವ ಹೊತ್ತಿಗೆ ಹೇಳುವುದು ಬೇಡ ಎನಿಸಿತು ಎಂದರು.

ಕೆಲವು ವಾರಗಳ ಮೇಲೆ ವೈಟ್‌ಫೀಲ್ಡಿನ ಆ ಹುಡುಗಿ ಪ್ಯಾಕೇಜ್ ಹಾಕಿಕೊಡಲು ಪೀಣ್ಯಕ್ಕೇ ಬಂದಳು. ನನ್ನ ಮೇಜಿನ ಹತ್ತಿರ ಬರುವಾಗ ಅವಳ ಮುಖದಲ್ಲಿ ಅಂಜಿಕೆ ಕಾಣುತ್ತಿತ್ತು. ಪಕ್ಕಕ್ಕೆ ನಿಂತು, ಒಂದೊಂದೇ ಅಕ್ಷರ ಕೂಡಿಸಿಕೊಂಡು, "ಏನಾದ್ರೂ... ತೊಂದರೆ... ಇದೆಯಾ, ಮ್ಯಾಮ್?" ಎಂದಳು. ಆ ಒಂದು ಪದವನ್ನು ನನ್ನ ಮುಂದೆ ಬಳಸಬಾರದೆಂದು ಅವಳು ಯಾರನ್ನೋ ಕೇಳಿ ಕನ್ನಡ ಕಲಿತು ಬಂದಿದ್ದಳು. ತೊಂದರೆ ಬೇಕಾದಷ್ಟಿತ್ತು. ಪ್ಯಾಕೇಜಿನಲ್ಲಿ ಗ್ರೀಸು ಕೇಳಿದರೆ ಗ್ರೈಂಡಿಂಗ್ ಚಕ್ರ ತೋರಿಸುತ್ತಿತ್ತು. ಒಂದೊಂದಾಗಿ ಹೇಳಿದೆ. ಅವಳು ಬರೆದುಕೊಂಡು ಸರಿಮಾಡಿದಳು. ಹೋಗುವಾಗ, ಬೇರೆ ವಿಭಾಗದವರಿಗೆ ಈ ಮೇಡಂ ಅವರೇ ಹೇಳಿಕೊಡಲಿ ಎಂದು ಮ್ಯಾನೇಜರ್‌ಗೆ ಹೇಳಿಹೋದಳು. ಅವಳ ಸಂಕೋಚವೇ ನನಗೆ ಆ ಕೆಲಸ ಕೊಡಿಸಿರಬೇಕೆಂದು ನನ್ನ ಅನುಮಾನ. ನನ್ನ ಗಂಡ ಮಾತ್ರ ನನ್ನ ಇಂಗ್ಲಿಷ್ ಕಾರಣ ಎಂದರು, ಹಾಗೆನ್ನುವಾಗ ಅವರ ಮುಖದಲ್ಲಿ ನಗು ಇರಲಿಲ್ಲ ಎಂದು ನಾನು ಹೇಳಲಾರೆ.

ಕ್ಯಾಂಟೀನಿನ ಒಂದು ಮೂಲೆಯಲ್ಲಿ ಎರಡು ಕಂಪ್ಯೂಟರ್, ಒಂದು ಕಪ್ಪುಹಲಗೆ ಇಟ್ಟು ಕ್ಲಾಸು ಶುರುವಾಯಿತು. ಮೊದಲ ದಿನ ಹದಿನೈದು ಜನ ಇದ್ದಿರಬೇಕು, ಹೆಚ್ಚಿನವರು ನನ್ನ ಕಿಟಕಿಗೆ ದಿನಾ ಬರುವವರೇ. ಪರದೆಯ ಮೇಲೆ ಆ ಪದ ಎರಡು ಕಡೆ ಬರುತ್ತಿತ್ತು. ಒಂದು ಕಡೆ ಸಾಮಾನು ಕೊಡುವುದಕ್ಕೆ, ಇನ್ನೊಂದು ಕಡೆ ಏನಾದರೂ ಕೆಟ್ಟರೆ ತಿಳಿಸುವುದಕ್ಕೆ. ಗೊಂದಲ ಬೇಡವೆಂದು ಹಲಗೆಯ ಮೇಲೆ ಇಶ್ಯೂ ಎಂದು ಬರೆದು, ಕೆಳಗೆ ಎರಡು ಅರ್ಥ ಬರೆದೆ. ಪತ್ರಿಕೆಯ ಸಂಚಿಕೆಯೂ ಇರಲಿ ಎಂದು ಮೂರನೆಯದನ್ನು ಸೇರಿಸಿದೆ. ಷೇರಿನದನ್ನು ಮ್ಯಾನೇಜರೇ ಎದ್ದು ಹೇಳಿದರು. ಆಗ ಹಿಂದಿನ ಸಾಲಿನಿಂದ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ವೆಲ್ಡರ್ ಕೈ ಎತ್ತಿ, "ಮೇಡಂ, ಮಕ್ಕಳಿಗೂ ಇಶ್ಯೂ ಅಂತಾರಲ್ವ?" ಎಂದ.

ಅವನಿಗೆ ಏನೂ ಗೊತ್ತಿರಲಿಲ್ಲ. ಉಳಿದವರಿಗೆಲ್ಲ ಗೊತ್ತಿತ್ತು. ಫೋರ್ಜಿಂಗ್ ಮೇಸ್ತ್ರಿ ತಮ್ಮ ಚಪ್ಪಲಿ ನೋಡಿಕೊಂಡರು. ಮ್ಯಾನೇ‌ಜರ್ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಇಟ್ಟರು. ಪಕ್ಕದವನು ವೆಲ್ಡರನ ಪಕ್ಕೆಗೆ ಮೊಣಕೈಯಿಂದ ತಿವಿದದ್ದು ನನಗೂ ಕಾಣಿಸಿತು.

"ಹೌದಪ್ಪ, ಅದೂ ಒಂದು ಅರ್ಥ. ಈ ಕಂಪ್ಯೂಟರಲ್ಲಿ ಅದು ಬರಲ್ಲ" ಎಂದೆ. ಹಲಗೆಯ ಮೇಲೆ ಅದನ್ನೂ ಬರೆದೆ. ಸೀಮೆಸುಣ್ಣ ನಡುವೆ ಒಮ್ಮೆ ಮುರಿಯಿತು, ಉಳಿದ ತುಂಡಿನಲ್ಲಿ ಪೂರ್ತಿ ಮಾಡಿದೆ. ಆಮೇಲೆ ಕೈಗವಸನ್ನು ಹುಡುಕುವುದು ಹೇಗೆ ಎಂದು ತೋರಿಸತೊಡಗಿದೆ. ಎರಡನೇ ಪರದೆಗೆ ಹೋಗುವಷ್ಟರಲ್ಲಿ ಪೀಣ್ಯದಲ್ಲಿ ದಿನಾ ಹೋಗುವಂತೆ ಕರೆಂಟ್ ಹೋಯಿತು. ಎಲ್ಲರೂ ಎದ್ದು ಕ್ಯಾಂಟೀನಿನ ಆ ಬದಿಯಲ್ಲಿ ಚಹಾ ಕೊಡುವ ಕಡೆಗೆ ಹೊರಟರು. ಆ ವೆಲ್ಡರ್ ನನಗೂ ಒಂದು ಲೋಟ ತಂದುಕೊಟ್ಟ.